ಕೋಳಿ ಶೆಡ್ಡಿಗೆ ಧೂಳು ಕಮ್ಮಿ ಇರೋ ಮರದ ಸಿಪ್ಪೆ ಯಾವ್ದು ತರ್ಲಿ?

ತುಮಕೂರ್_ನಾಟಿ
ಎಲ್ರಿಗೂ ನಮಸ್ಕಾರ. ಮನೆ ಹಿಂದೆ ಶೆಡ್ಡಲ್ಲಿ ನಲವತ್ತು ಚಿಲ್ಲರೆ ಕೋಳಿ ಇದಾವೆ, ಅರ್ಧ ನಾಟಿ ಅರ್ಧ ಗಿರಿರಾಜ. ನೆಲಕ್ಕೆ ಸಾಮಿಲ್ ಹೊಟ್ಟು ಹಾಕ್ತಿದೀವಿ, ಒಂದು ಹುಂಜ ರೆಕ್ಕೆ ಬಡಿದ್ರೆ ಸಾಕು ಶೆಡ್ ತುಂಬಾ ಧೂಳು, ಮೊಟ್ಟೆ ಎತ್ತೋಕೆ ಹೋಗೋ ಅಮ್ಮಂಗೆ ಮೊದ್ಲೇ ಉಬ್ಬಸ, ಈಗ ಒಂದೆರಡು ಕೋಳಿನೂ ಸೀನ್ತಿದಾವೆ. ಆನ್‌ಲೈನಲ್ಲಿ ಡಸ್ಟ್ ಫ್ರೀ ಪೈನ್ ಶೇವಿಂಗ್ಸ್ ಅಂತ ಪ್ಯಾಕೆಟ್ ಸಿಗುತ್ತೆ, ಆದ್ರೆ ಅದು ಮೊಲ ಹ್ಯಾಮ್‌ಸ್ಟರ್ ಸಾಕೋರ ರೇಟು, ಇಡೀ ಶೆಡ್ಡಿಗೆ ಹಾಕಿದ್ರೆ ನಮ್ ಮೊಟ್ಟೆ ದುಡ್ಡೆಲ್ಲಾ ಅದಕ್ಕೇ. ಲೋಕಲ್ಲಾಗಿ ಏನು ತರೋದು, ಯಾವ ಮರದ್ದು?

ಮಲ್ನಾಡ್ ಹುಂಜ
ಸಾಮಿಲ್ ಬಿಡಿ, ಬಾಗಿಲು ಕಿಟಕಿ ಮಾಡೋ ಕಾರ್ಪೆಂಟ್ರಿ ಶೆಡ್ ಹುಡುಕಿ. ಗರಗಸದಿಂದ ಬೀಳೋದು ಪುಡಿ, ಪ್ಲೇನಿಂಗ್ ಮೆಷಿನ್ನಿಂದ ಬೀಳೋದು ಸುರುಳಿ ಸುರುಳಿ ಹತ್ತರಿ ಸಿಪ್ಪೆ, ನಿಮಗೆ ಬೇಕಾಗಿರೋದು ಎರಡನೇದು. ಆದ್ರೆ ಮೂಟೆ ಬಾಯಿ ಬಿಚ್ಚಿಸಿ ನೋಡದೆ ದುಡ್ಡು ಕೊಡ್ಬೇಡಿ, ಯಾಕಂದ್ರೆ ಬಹಳ ಕಡೆ ಪ್ಲೇನರ್, ಸ್ಯಾಂಡರ್, ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿರೋ ಹಲಗೆ) ಕಟ್ಟರ್ ಎಲ್ಲದರ ಕಸನೂ ಒಂದೇ ಗುಡ್ಡೆಗೆ ಬೀಳುತ್ತೆ, ಎಂಡಿಎಫ್ ಪ್ಲೈವುಡ್ಡಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತೆ, ಅದು ಗೂಡಿಗೆ ಬೇಡವೇ ಬೇಡ. ಪಾಲಿಶ್, ಗೆದ್ದಲು ಔಷಧಿ ಹೊಡೆದಿರೋ ಹಳೇ ಮರದ್ದೂ ಬೇಡ. ನಮ್ ಕಾಫಿ ತೋಟದ ಕಡೆ ಸಿಲ್ವರ್ ಓಕ್ ಸಿಪ್ಪೆ ಸಿಗುತ್ತೆ, ಹಗುರ, ವಾಸನೆನೂ ಇಲ್ಲ, ನನಗೆ ಅದೇ ಇಷ್ಟ. ತೇಗದ ಪುಡಿ ಮಾತ್ರ ಬೇಡ, ಅದರಲ್ಲಿ ಕೆಲ್ಸ ಮಾಡೋ ಬಡಗಿಗಳಿಗೇ ಮೂಗು ಚರ್ಮ ಎಲ್ಲಾ ಕೆರೆಯುತ್ತೆ. ತಂದ್ಮೇಲೆ ಬಯಲಲ್ಲಿ ಮರಳು ಜರಡಿ ಇಟ್ಟು ಒಂದು ಸಲ ಆಡಿಸಿ, ಮೂಗಿಗೆ ಬಟ್ಟೆ ಕಟ್ಕೊಂಡು, ಪುಡಿ ಎಲ್ಲಾ ಕೆಳಗೆ ಬೀಳುತ್ತೆ. ಅಮ್ಮನ ಕೈಲಿ ಮಾಡಿಸ್ಬೇಡಿ ಮತ್ತೆ.

ಹುಬ್ಬಳ್ಳಿ ಮಂದಿ
ಅಲ್ರೀ ಅಷ್ಟ್ಯಾಕ ತಲಿ ಕೆಡಿಸ್ಕೋತೀರಿ, ಗಂಗಾವತಿ ಕಡೆ ಮಿಲ್ಲಿನ ಭತ್ತದ ಹೊಟ್ಟು ಹಾಕ್ರಿ, ಬ್ರಾಯ್ಲರ್ ಶೆಡ್ಡಿನವ್ರೆಲ್ಲಾ ಅದನ್ನ ಹಾಕ್ತಾರ. ಸಿಪ್ಪಿಯಷ್ಟು ನೀರು ಹೀರಂಗಿಲ್ಲ, ಖರೆ, ಆದ್ರ ಲಗೂನ ಒಣಗ್ತದ. ಶೇಂಗಾ ಸಿಪ್ಪಿ ಮಾತ್ರ ಮಳಿಗಾಲದಾಗ ತರಬ್ಯಾಡ್ರಿ, ಬೂಸ್ಟು ಹಿಡೀತದ.

ಮಲ್ನಾಡ್ ಹುಂಜ
ಹೊಟ್ಟಲ್ಲೂ ಧೂಳು ಇದ್ದೇ ಇರುತ್ತಲ್ಲ ಸಾರ್, ತೌಡು ಮಿಕ್ಸ್ ಆಗಿದ್ರಂತೂ ಕೇಳೋದೇ ಬೇಡ. ಉಬ್ಬಸ ಇರೋರ ಮನೆಗೆ ನಾನಂತೂ ಹೇಳಲ್ಲ.

ಪ್ಯಾಲೆಟ್ ಪುರಾಣ
ಬೆಂಗ್ಳೂರಿಗೆ ಬಂದು ಹೋಗೋದಿದ್ರೆ ಪೀಣ್ಯ ಕಡೆ ಪ್ಯಾಕಿಂಗ್ ಬಾಕ್ಸ್ ಮಾಡೋರ ಹತ್ರ ಪೈನ್ ಸಿಪ್ಪೆ ಕೇಳಿ ನೋಡಿ. ಹಳೇ ಪ್ಯಾಲೆಟ್ (ಸರಕು ಇಡೋ ಮರದ ಅಡಿಹಲಗೆ) ಒಡೆದು ಕೆಲ್ಸ ಮಾಡೋರಾದ್ರೆ ಮರದ ಮೇಲಿನ ಸೀಲ್ ನೋಡಿ, ಎಚ್‌ಟಿ ಅಂದ್ರೆ ಬರೀ ಬಿಸಿ ಮಾಡಿರೋದು, ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿರೋದು, ಅದು ಬೇಡ. ಎಚ್‌ಟಿ ಇದ್ರೂ ಎಣ್ಣೆ ಕೆಮಿಕಲ್ ಚೆಲ್ಲಿರೋ ಕಲೆ ಇದ್ರೆ ಬಿಟ್ಬಿಡಿ.

ಗೂಡುಗಾರ
ಸಿಪ್ಪೆ ಬದಲಾಯಿಸಿ, ಸರಿ, ಆದ್ರೆ ಪೂರ್ತಿ ಧೂಳು ಹೋಗುತ್ತೆ ಅನ್ಕೋಬೇಡಿ. ಶೆಡ್ಡಿನ ಧೂಳಲ್ಲಿ ಮರದ ಪುಡಿ ಒಂದು ಪಾಲು ಅಷ್ಟೇ, ಉಳಿದಿದ್ದು ಕೋಳಿಗಳ ಚರ್ಮ ಪುಕ್ಕದ ಹೊಟ್ಟು, ಒಣಗಿದ ಹಿಕ್ಕೆ, ಮ್ಯಾಶ್ ಅಂದ್ರೆ ಹಿಟ್ಟಿನಂಥ ಫೀಡಿನ ಪುಡಿ. ಫೀಡ್ ಸ್ವಲ್ಪ ನೆನೆಸಿ ಕೊಡಿ, ಆವತ್ತಿಂದು ಆವತ್ತೇ ಖಾಲಿ ಆಗೋಷ್ಟು, ಇಲ್ಲ ಪೆಲೆಟ್ (ಗುಳಿಗೆ ಥರದ ಫೀಡ್) ತನ್ನಿ. ಮೇಲ್ಗಡೆ ಎರಡು ಉದ್ದದ ಗೋಡೆಲೂ ಜಾಲರಿ ಇರ್ಲಿ, ಗಾಳಿ ಆಡ್ಬೇಕು. ಧೂಳು ಅಂತ ನೀರು ಚಿಮುಕಿಸೋಕೆ ಹೋದ್ರೆ ಇನ್ನೊಂದು ತಲೆನೋವು, ಒದ್ದೆ ಆದ್ರೆ ಕಾಕ್ಸಿ (ಕರುಳಿಗೆ ಬರೋ ಭೇದಿ ಕಾಯಿಲೆ), ಬೂಸ್ಟ್ ಬಂದ್ರೆ ಮರಿಗಳಿಗೆ ಶ್ವಾಸಕೋಶದ ಫಂಗಸ್. ತೇವ 20ರಿಂದ 25 ಪರ್ಸೆಂಟ್ ಇರ್ಬೇಕು ಅಂತಾರೆ, ಮೀಟರ್ ಯಾರ್ ಹತ್ರ ಇರುತ್ತೆ, ಮುಷ್ಟೀಲಿ ಹಿಂಡಿ ಬಿಡಿ, ಉಂಡೆ ಹಾಗೇ ನಿಂತ್ರೆ ಒದ್ದೆ ಜಾಸ್ತಿ, ಒಂಚೂರು ಅಂಟ್ಕೊಂಡು ಉದುರಿದ್ರೆ ಸರಿ. ಆಮೇಲೆ ಕೂತ್ಕೊಂಡು ಕೋಳಿ ತಲೆ ಎತ್ತರದಲ್ಲಿ ವಾಸನೆ ನೋಡಿ, ಮೂಗು ಚುರುಗುಟ್ಟಿದ್ರೆ ಸೀನಿಗೆ ಕಾರಣ ಹಿಕ್ಕೆಯಿಂದ ಬರೋ ಅಮೋನಿಯಾನೂ ಇರ್ಬಹುದು. ಸೀನೋ ಕೋಳಿಗಳನ್ನ ಬೇರೆ ಇಡಿ, ರಾತ್ರಿ ಗೊರಗೊರ ಶಬ್ದ ಬಂದ್ರೆ, ಕಣ್ಣಲ್ಲಿ ನೊರೆ ಬಂದ್ರೆ ಅದು ಸಿಆರ್‌ಡಿ (ಕೋಳಿಗಳ ದೀರ್ಘಕಾಲದ ಉಸಿರಾಟದ ಕಾಯಿಲೆ) ಇರ್ಬಹುದು, ಡಾಕ್ಟರ್‌ಗೆ ತೋರಿಸಿ, ಮೆಡಿಕಲ್‌ನವರು ಕೊಟ್ಟ ಆಂಟಿಬಯಾಟಿಕ್ ಸುಮ್ನೆ ಹಾಕ್ಬೇಡಿ.

ತುಮಕೂರ್_ನಾಟಿ
ಬಹಳ ಥ್ಯಾಂಕ್ಸ್. ಮ್ಯಾಶ್ ವಿಷಯ ತಲೆಗೇ ಹೊಳೆದಿರ್ಲಿಲ್ಲ. ಹತ್ರದಲ್ಲೇ ಒಂದು ಬಾಗಿಲು ಮಾಡೋ ಶೆಡ್ ಇದೆ, ಕೇಳ್ತೀನಿ. ಎಷ್ಟು ದಪ್ಪ ಹಾಕೋದು, ಮುಂದಿನ ತಿಂಗ್ಳು ಮರಿ ಬರ್ತಾವೆ ಅವಕ್ಕೂ ಇದೇನಾ? ಹಳೇದನ್ನ ತೆಂಗಿಗೆ ಹಾಕ್ಬಹುದಾ?

ಗೂಡುಗಾರ
ಈಗ ಎರಡು ಮೂರು ಇಂಚು, ಚಳಿಗಾಲಕ್ಕೆ ಇನ್ನೊಂದೆರಡು ಇಂಚು ಜಾಸ್ತಿ, ವಾರಕ್ಕೆರಡು ಸಲ ಕೆದಕಿ, ಕೋಳಿ ಹೊರಗೆ ಮೇಯೋಕೆ ಹೋದಾಗ. ಮರಿಗಳಿಗೆ ಮೊದಲ ಮೂರ್ನಾಲ್ಕು ದಿನ ಸಿಪ್ಪೆ ಮೇಲೆ ಪೇಪರ್ ಹಾಸಿ, ಫೀಡ್ ಅನ್ಕೊಂಡು ಸಿಪ್ಪೆ ನುಂಗ್ತವೆ, ನುಣ್ಣನೆ ಪೇಪರ್ ಬೇಡ, ಕಾಲು ಜಾರುತ್ತೆ. ತೆಂಗಿಗೆ ಹಾಕಿ, ಆದ್ರೆ ಹಸಿಹಸಿ ಹಾಕ್ಬೇಡಿ, ಸಗಣಿ ಜೊತೆ ಗುಂಡೀಲಿ ಚೆನ್ನಾಗಿ ಕೊಳೀಲಿ, ಮರದ ಸಿಪ್ಪೆ ಬೇಗ ಕರಗಲ್ಲ.