ಬಾಕ್ಸಿಂಗ್‌ಗೂ ಒಂದು ಡೆಡ್‌ಲೈನ್ ಡೇ ಬೇಕಲ್ವಾ?

ಗನ್ನರ್_ಬಸವನಗುಡಿ, 3 ಡಿಸೆಂಬರ್ 2025

ತುಂಬಾ ದಿನದಿಂದ ಕೊರೆಯುತ್ತಿರುವ ಪ್ರಶ್ನೆ ಇದು. ಫುಟ್‌ಬಾಲ್, ಬಾಕ್ಸಿಂಗ್ ಎರಡನ್ನೂ ನಿದ್ದೆಗೆಟ್ಟು ನೋಡುವವರು ಇಲ್ಲಿದ್ದರೆ ಹೇಳಿ.

ಫುಟ್‌ಬಾಲ್‌ನಲ್ಲಿ ಎಷ್ಟೇ ಕಿತ್ತಾಟ ಇರಲಿ, ವಿಂಡೋ (ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ಮುಚ್ಚುವ ದಿನ, ಅಂದರೆ ಡೆಡ್‌ಲೈನ್ ಡೇ, ಬಂತು ಅಂದರೆ ಏನೋ ಒಂದು ಇತ್ಯರ್ಥ ಆಗುತ್ತದೆ. ಈ ವರ್ಷದ ನ್ಯೂಕಾಸಲ್ ಸ್ಟ್ರೈಕರ್ ಇಸಾಕ್ ಕಥೆಯನ್ನೇ ತಗೊಳ್ಳಿ. ಅವನು ನ್ಯೂಕಾಸಲ್‌ಗೆ ಆಡಲ್ಲ ಅಂತ ಕೂತ, ನ್ಯೂಕಾಸಲ್ ಬಿಡಲ್ಲ ಅಂತ ಕೂತಿತು, ಆಗಸ್ಟ್ ಪೂರ್ತಿ ಅದೇ ರಾಮಾಯಣ. ಸೆಪ್ಟೆಂಬರ್ 1ರ ರಾತ್ರಿ ನಮ್ಮ ಗಡಿಯಾರದಲ್ಲಿ ಹನ್ನೊಂದೂವರೆಗೆ ವಿಂಡೋ ಮುಚ್ಚಬೇಕಿತ್ತು. ಆವತ್ತೇ ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟು ಕರೆದುಕೊಂಡು ಹೋಯಿತು. ಬ್ರಿಟನ್ನಿನ ದಾಖಲೆ ಮೊತ್ತ, ನಮ್ಮ ಲೆಕ್ಕದಲ್ಲಿ 1,400 ಕೋಟಿ ರೂಪಾಯಿ ದಾಟುತ್ತದೆ. ಇನ್ನು ನಮ್ಮ ಆರ್ಸೆನಲ್‌ನ ಎಬೆರೆಚಿ ಎಜೆ ವಿಷಯ. ಟಾಟನ್‌ಹ್ಯಾಮ್ ಎಲ್ಲಾ ಮಾತು ಮುಗಿಸಿ ಫೋಟೊ ತೆಗೆಸುವುದೊಂದು ಬಾಕಿ ಅಂತ ಕಾಯುತ್ತಿತ್ತು. ಹಾವರ್ಟ್ಸ್‌ಗೆ ಗಾಯ ಆಗಿದೆ ಅಂತ ಗೊತ್ತಾದ ತಕ್ಷಣ ಆರ್ಸೆನಲ್ ನಡುವೆ ನುಗ್ಗಿ ಎತ್ತಿಕೊಂಡು ಬಂತು. ನವೆಂಬರ್ 23ಕ್ಕೆ ಅದೇ ಟಾಟನ್‌ಹ್ಯಾಮ್ ಮೇಲೆ ಹ್ಯಾಟ್ರಿಕ್! ಹದಿಮೂರನೇ ವಯಸ್ಸಿಗೆ ನಮ್ಮ ಅಕಾಡೆಮಿಯೇ ಬೇಡ ಅಂತ ಕಳಿಸಿದ್ದ ಹುಡುಗ ಅವನು, ಅದು ಬೇರೆ ಮಾತು.

ಈಗ ಹೆವಿವೇಟ್ ಕಡೆ ಬನ್ನಿ. ಟೈಸನ್ ಫ್ಯೂರಿ ಮತ್ತು ಆಂಥೊನಿ ಜೋಶುವಾ. ಇಬ್ಬರೂ ಇಂಗ್ಲೆಂಡಿನವರು, ಇಬ್ಬರೂ ಚಾಂಪಿಯನ್ ಆಗಿದ್ದವರು, ವೆಂಬ್ಲಿ ಸ್ಟೇಡಿಯಂ ಇಬ್ಬರೂ ಬೇರೆ ಬೇರೆಯಾಗಿ ತುಂಬಿಸಿದ್ದಾರೆ. ಅವರಿಬ್ಬರ ನಡುವೆ ಒಂದೇ ಒಂದು ಫೈಟ್ ಇವತ್ತಿನವರೆಗೂ ಆಗಿಲ್ಲ. ಫ್ಯೂರಿ ಜನವರಿಯಲ್ಲಿ ನಿವೃತ್ತಿ ಅಂದ (ಅವನ ನಿವೃತ್ತಿಯನ್ನು ಯಾರು ನಂಬುತ್ತಾರೆ ಬಿಡಿ). ಜೋಶುವಾ ಇದೇ 19ಕ್ಕೆ ಮಯಾಮಿಯಲ್ಲಿ ಜೇಕ್ ಪಾಲ್ ಎದುರು ಇಳಿಯುತ್ತಿದ್ದಾನೆ. ಯೂಟ್ಯೂಬ್‌ನಿಂದ ಬಂದ ಹುಡುಗನ ಜೊತೆ ಫೈಟ್ ಕುದುರುತ್ತದೆ, ಫ್ಯೂರಿ ಜೊತೆ ಕುದುರಲ್ಲ. ಇದೆಂಥ ಆಟ?

ನನ್ನ ಪ್ರಶ್ನೆ ಇಷ್ಟೇ. ಬಾಕ್ಸಿಂಗ್‌ಗೂ ಒಂದು ವಿಂಡೋ ಇಟ್ಟರೆ? ಈ ತಾರೀಖಿನೊಳಗೆ ಸಹಿ ಹಾಕು, ಇಲ್ಲಾಂದ್ರೆ ಬೆಲ್ಟ್ ಇಟ್ಟು ಹೋಗು ಅಂತ. ಯಾಕೆ ಆಗಲ್ಲ?

ಎಡಗೈ_ಜಾಬ್

ಡೆಡ್‌ಲೈನ್ ಇಲ್ಲ ಅಂತ ಯಾರು ಹೇಳಿದ್ರು? ಇದೆ, ಜಾಸ್ತಿಯೇ ಇದೆ. ನಾಲ್ಕು ಸಂಸ್ಥೆ (ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ), ನಾಲ್ಕು ಬೆಲ್ಟ್, ಪ್ರತಿಯೊಬ್ಬರಿಗೂ ಅವರದೇ ಮ್ಯಾಂಡೇಟರಿ ಚಾಲೆಂಜರ್, ಅಂದರೆ ಚಾಂಪಿಯನ್ ಕಡ್ಡಾಯವಾಗಿ ಎದುರಿಸಬೇಕಾದವನು. ಮಾತುಕತೆ ಮುರಿದರೆ ಪರ್ಸ್ ಬಿಡ್ ಕರೆಯುತ್ತಾರೆ. ಪ್ರಮೋಟರ್‌ಗಳು ಮುಚ್ಚಿದ ಲಕೋಟೆಯಲ್ಲಿ ಮೊತ್ತ ಹಾಕಬೇಕು, ಜಾಸ್ತಿ ಹಾಕಿದವನಿಗೆ ಫೈಟ್ ನಡೆಸುವ ಹಕ್ಕು. ಅಂದರೆ ನೀವು ಕೇಳುತ್ತಿರುವ ವ್ಯವಸ್ಥೆ ಆಗಲೇ ಇದೆ. ಒಬ್ಬ ಮನುಷ್ಯನಿಗೆ ನಾಲ್ಕು ಕಡೆಯಿಂದ ನಾಲ್ಕು ಮುಹೂರ್ತ ಇಟ್ಟು ಕೂತಿದ್ದಾರೆ, ತೊಂದರೆ ಅದು.

ಫ್ಯೂರಿ–ಜೋಶುವಾ ಹಾಳಾಗಿದ್ದೂ ಡೆಡ್‌ಲೈನ್‌ನಿಂದಲ್ಲ, ಹಳೆಯ ಕಾಗದದಿಂದ. 2021ರ ಮೇ ತಿಂಗಳಲ್ಲಿ ಫ್ಯೂರಿ ವಿಡಿಯೊ ಮಾಡಿ ಆಗಸ್ಟ್ 14, ಸೌದಿ ಅಂತ ತಾರೀಖನ್ನೇ ಹೇಳಿಬಿಟ್ಟಿದ್ದ. ಅದರ ಬೆನ್ನಲ್ಲೇ ಅಮೆರಿಕದಲ್ಲಿ ಮಧ್ಯಸ್ಥಿಕೆ ತೀರ್ಪು ಬಂತು. ವೈಲ್ಡರ್ ಜೊತೆ ಮೂರನೇ ಫೈಟ್ ಬಾಕಿ ಇದೆ, ಅದನ್ನು ಮೊದಲು ಮುಗಿಸು ಅಂತ. ಖಾಲಿ ಕೂತ ಜೋಶುವಾ ಡಬ್ಲ್ಯೂಬಿಒದ ಮ್ಯಾಂಡೇಟರಿ ಆಗಿದ್ದ ಉಸಿಕ್ ಎದುರು ಸೆಪ್ಟೆಂಬರ್ 25ಕ್ಕೆ ಇಳಿದ, ಎಲ್ಲಿ ಗೊತ್ತಾ, ಟಾಟನ್‌ಹ್ಯಾಮ್ ಸ್ಟೇಡಿಯಂನಲ್ಲಿ, ಸೋತ. ಅಲ್ಲಿಗೆ ಎರಡೂ ಕಡೆ ಅಜೇಯ ಅನ್ನೋ ಪೋಸ್ಟರ್... ಸರಿ, ಜೋಶುವಾ 2019ರಲ್ಲೇ ರೂಯಿಜ್ ಹತ್ತಿರ ಏಟು ತಿಂದಿದ್ದ, ಆದರೂ ಬೆಲ್ಟ್ ಎಲ್ಲಾ ಇಬ್ಬರ ಬಳಿಯೇ ಇದ್ದ ಕಾಲ ಅದೊಂದೇ. ಅದು ಹೋಯಿತು.

"ಬೆಲ್ಟ್ ಇಟ್ಟು ಹೋಗು" ಅನ್ನೋದಕ್ಕೂ ಯಾರೂ ಹೆದರಲ್ಲ. 1992ರಲ್ಲಿ ರಿಡಿಕ್ ಬೋ ಲೆನಾಕ್ಸ್ ಲೂಯಿಸ್ ಎದುರು ಆಡುವ ಬದಲು ಲಂಡನ್ನಿನಲ್ಲಿ ಪತ್ರಕರ್ತರ ಮುಂದೆಯೇ ಡಬ್ಲ್ಯೂಬಿಸಿ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಉಸಿಕ್ 2024ರ ಮೇ 18ಕ್ಕೆ ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟ್ ಗೆದ್ದ, ಲೂಯಿಸ್ ನಂತರ ಹೆವಿವೇಟ್‌ಗೆ ಒಬ್ಬನೇ ರಾಜ ಸಿಕ್ಕಿದ್ದು ಆಗಲೇ. ಒಂಬತ್ತನೇ ರೌಂಡ್ ಇನ್ನೊಮ್ಮೆ ನೋಡಿ, ಫ್ಯೂರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೂರಾಡಿಕೊಂಡು ಹೋಗುತ್ತಾನೆ, ಹಗ್ಗ ಇಲ್ಲದಿದ್ದರೆ ನೆಲಕ್ಕೇ ಬೀಳುತ್ತಿದ್ದ. ಆದರೆ ಆ ಪಟ್ಟ ಒಂದೂವರೆ ತಿಂಗಳೂ ಇರಲಿಲ್ಲ. ಐಬಿಎಫ್ ತನ್ನ ಮ್ಯಾಂಡೇಟರಿ ಅಂತ ಹಟ ಹಿಡಿಯಿತು. ಉಸಿಕ್‌ಗೆ ಫ್ಯೂರಿ ಜೊತೆ ಮರುಫೈಟ್ ಒಪ್ಪಂದ ಇತ್ತು, ಬೆಲ್ಟ್ ಬಿಟ್ಟ, ಡುಬುವಾಗೆ ಅದು ಕೂತಲ್ಲಿಗೇ ಬಂತು. ಈ ಜುಲೈನಲ್ಲಿ ವೆಂಬ್ಲಿಯಲ್ಲಿ ಐದನೇ ರೌಂಡಿಗೆ ಡುಬುವಾನ ಮಲಗಿಸಿ ಅದನ್ನು ವಾಪಸ್ ತಂದ. ಹೋದ ತಿಂಗಳು ಡಬ್ಲ್ಯೂಬಿಒ ಬಿಟ್ಟುಕೊಟ್ಟ. ಮತ್ತೆ ಚೂರು ಚೂರು.

ಇನ್ನೊಂದು ಡೆಡ್‌ಲೈನ್ ಹಾಕಿದರೆ ಇನ್ನೊಬ್ಬ ಕಾಗದದ ಚಾಂಪಿಯನ್ ಹುಟ್ಟುತ್ತಾನೆ, ಅಷ್ಟೇ.

ಕಾಪ್_ಕಾರವಾರ

ಡೆಡ್‌ಲೈನ್ ಡೇ ಅಂದರೆ ಏನೋ ದೊಡ್ಡ ನ್ಯಾಯಾಲಯ ಅನ್ನೋ ಹಾಗೆ ಬರೆದಿದ್ದೀರಲ್ಲ, ಅದೇ ಸೆಪ್ಟೆಂಬರ್ 1ರ ರಾತ್ರಿ ನಮ್ಮ ಲಿವರ್‌ಪೂಲ್‌ಗೆ ಬರಬೇಕಿದ್ದ ಡಿಫೆಂಡರ್ ಗೆಹಿ ವಿಷಯ ಯಾಕೆ ಬಿಟ್ರಿ? ಅವನ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಮೂರೂವರೆ ಕೋಟಿ ಪೌಂಡಿಗೆ ಮಾತಾಗಿತ್ತು. ಮೆಡಿಕಲ್ ಕೂಡ ನಡೆದಿತ್ತು. ಅವರಿಗೆ ಬರಬೇಕಿದ್ದ ಬದಲಿ ಆಟಗಾರ ಕೈಕೊಟ್ಟ, ಕೋಚ್ ಗ್ಲಾಸ್ನರ್ ಮೊದಲಿಂದಲೂ ಬೇಡ ಅನ್ನುತ್ತಿದ್ದ, ಕೊನೆ ಗಳಿಗೆಯಲ್ಲಿ ಪ್ಯಾಲೇಸ್ ಹಿಂದೆ ಸರಿಯಿತು. ನಾನು ಫೋನ್ ಹಿಡಿದು ಹನ್ನೊಂದೂವರೆ ದಾಟಿದ ಮೇಲೂ ರಿಫ್ರೆಶ್ ಮಾಡುತ್ತಾ ಕೂತಿದ್ದೆ. ಇನ್ನೆರಡು ದಿನ ಸಮಯ ಇದ್ದಿದ್ದರೆ ಆ ಡೀಲ್ ಆಗುತ್ತಿತ್ತು. ಗಡಿಯಾರವೇ ಅದನ್ನು ಕೊಂದಿದ್ದು.

ಇಸಾಕ್ ವಿಷಯದಲ್ಲೂ ಅಷ್ಟೇ. ತಡವಾಗಿ ಬಂದ, ಪ್ರೀ-ಸೀಸನ್ ಇಲ್ಲ, ಮೈ ಪಳಗಿಲ್ಲ. ಲೀಗ್‌ನಲ್ಲಿ ನಮಗಾಗಿ ಮೊದಲ ಗೋಲ್ ಹೊಡೆದಿದ್ದು ಮೊನ್ನೆ ನವೆಂಬರ್ 30ಕ್ಕೆ, ವೆಸ್ಟ್ ಹ್ಯಾಮ್ ಮೇಲೆ! ಜೂನ್‌ನಲ್ಲೇ ಮುಗಿದಿದ್ದರೆ ಇದು ಬೇರೆ ಥರ ಇರುತ್ತಿತ್ತು. ಕೊನೆ ದಿನದ ತನಕ ಎಳೆಯುವುದು ಮಾರುವವನ ಆಟ, ಅಭಿಮಾನಿಗಳಿಗೆ ಅದರಲ್ಲಿ ಮಜಾ ಬಿಟ್ಟರೆ ಏನೂ ಇಲ್ಲ.

ನನ್ನ ಪ್ರಕಾರ ನಮ್ಮ ಅತ್ಯುತ್ತಮ ವ್ಯಾಪಾರ ನಡೆದಿದ್ದು ಜನ ನಮ್ಮನ್ನು ಬೈಯುತ್ತಿದ್ದಾಗ. 2018ರ ಜನವರಿಯಲ್ಲಿ ಕುಟಿನ್ಯೊನ ಬಾರ್ಸಾಗೆ ಮಾರಿದರು. ಬಾರ್ಸಾ ಕೈಯಲ್ಲಿ ನೇಮಾರ್ ಮಾರಿದ 22.2 ಕೋಟಿ ಯೂರೊ ಇತ್ತು, ಅದು ಊರಿಗೆಲ್ಲ ಗೊತ್ತಿತ್ತು, ಹಾಗಾಗಿ ಎಲ್ಲರೂ ಅವರಿಗೆ ದುಪ್ಪಟ್ಟು ರೇಟ್ ಹೇಳಿದರು. ನಾವು ವ್ಯಾನ್ ಡೈಕ್, ಅಲಿಸನ್ ತಗೊಂಡ್ವಿ. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಲೀಗ್. ಕುಟಿನ್ಯೊ ಬಾಯರ್ನ್‌ಗೆ ಲೋನ್ ಮೇಲೆ ಹೋಗಿ 8–2ರಲ್ಲಿ ಬಾರ್ಸಾಗೇ ಎರಡು ಗೋಲ್ ಹೊಡೆದ. ಇಂಥದ್ದು ಯಾವ ಡೆಡ್‌ಲೈನ್ ಗಡಿಬಿಡಿಯಲ್ಲೂ ಆಗಲ್ಲ.

ಲೆಡ್ಜರ್_ರಾಯರು

ವೃತ್ತಿಯಿಂದ ನಾನು ಲೆಕ್ಕಪತ್ರದವನು, ಹಾಗಾಗಿ ಸ್ವಲ್ಪ ಬೋರ್ ಹೊಡೆಸುತ್ತೇನೆ, ಸಹಿಸಿಕೊಳ್ಳಿ.

ಫುಟ್‌ಬಾಲ್‌ನಲ್ಲಿ ನಿಜವಾದ ಡೆಡ್‌ಲೈನ್ ವಿಂಡೋ ಮುಚ್ಚುವ ದಿನ ಅಲ್ಲ, ತುಂಬಾ ಕ್ಲಬ್‌ಗಳಿಗೆ ಅದು ಜೂನ್ 30. ಆವತ್ತು ಲೆಕ್ಕದ ವರ್ಷ ಮುಗಿಯುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ತೋರಿಸುವ ಹಾಗಿಲ್ಲ. ಎವರ್ಟನ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡೂ ಇದರಲ್ಲೇ ಪಾಯಿಂಟ್ ಕಳೆದುಕೊಂಡವು.

ಆಟಗಾರನಿಗೆ ಕೊಟ್ಟ ದುಡ್ಡನ್ನು ಪುಸ್ತಕದಲ್ಲಿ ಒಂದೇ ಸಲ ಖರ್ಚು ಅಂತ ಬರೆಯಲ್ಲ, ಕರಾರಿನ ವರ್ಷಗಳಿಗೆ ಹಂಚುತ್ತಾರೆ. ಚೆಲ್ಸಿ ಮಿಡ್‌ಫೀಲ್ಡರ್ ಎಂಜೊ ಫರ್ನಾಂಡಿಸ್‌ಗೆ 10.68 ಕೋಟಿ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಕರಾರು ಹಾಕಿತು. ವರ್ಷಕ್ಕೆ ಬೀಳುವುದು ಸುಮಾರು 1.26 ಕೋಟಿ. ಅದೇ ಐದು ವರ್ಷಕ್ಕೆ ಹಂಚಿದರೆ 2.14 ಕೋಟಿ. ಯಾಕೆ ಅಷ್ಟು ಉದ್ದದ ಕರಾರು ಅಂತ ಈಗ ಗೊತ್ತಾಯ್ತಲ್ಲ. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಅದರ ಹಿಂದೆಯೇ ಪ್ರೀಮಿಯರ್ ಲೀಗ್, ಹಂಚುವುದು ಐದೇ ವರ್ಷಕ್ಕೆ ಅಂತ ಬಾಗಿಲು ಹಾಕಿದವು.

ಸ್ವಂತ ಅಕಾಡೆಮಿಯ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಮಾರಿದರೆ ಬಂದಿದ್ದೆಲ್ಲ ಲಾಭ. 2024ರ ಜೂನ್ ಕೊನೆಗೆ ನ್ಯೂಕಾಸಲ್ ಎಲಿಯಟ್ ಆಂಡರ್ಸನ್‌ನನ್ನು ಫಾರೆಸ್ಟ್‌ಗೆ ಮಾರಿದ್ದು ಹೀಗೆ. ಆ ಊರಿನ ಹತ್ತಿರವೇ ಹುಟ್ಟಿ ಬೆಳೆದ ಹುಡುಗ, ಅಲ್ಲೇ ಚಿಕ್ಕವನಿಂದ ಆಡಿದವನು, ಈಗ ಇಂಗ್ಲೆಂಡ್ ತಂಡದಲ್ಲಿದ್ದಾನೆ. ಕೋಚ್‌ಗೂ ಬೇಡವಾಗಿತ್ತು, ಅಭಿಮಾನಿಗಳಿಗೂ ಬೇಡವಾಗಿತ್ತು, ಲೆಡ್ಜರ್‌ಗೆ ಬೇಕಾಗಿತ್ತು. ನನಗೆ ನನ್ನ ವೃತ್ತಿಯ ಮೇಲೇ ಸಿಟ್ಟು ಬಂದ ಅಪರೂಪದ ಪ್ರಸಂಗ. ಬಾಕ್ಸಿಂಗ್‌ನವರು ಇದನ್ನು ತರಬೇಕು ಅಂತ ದಯವಿಟ್ಟು ಆಸೆಪಡಬೇಡಿ.

ಸ್ಪರ್ಸ್_ಶಿವಮೊಗ್ಗ

ಎಲ್ಲಾ ಸರಿ, ಮೊದಲ ಪೋಸ್ಟಿನಲ್ಲಿ ಎಜೆ ಹೆಸರು ತರೋ ಅಗತ್ಯ ಇತ್ತಾ ಮಾರಾಯ್ರೇ? ನಮ್ಮ ಟಾಟನ್‌ಹ್ಯಾಮ್‌ನವರ ಗಾಯಕ್ಕೆ ಉಪ್ಪು ಬೇರೆ.

ಸಫೋಕ್_ಸೀನ

ನಾನು ಇರುವುದು ಇಪ್ಸ್‌ವಿಚ್‌ನಲ್ಲಿ, ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದವನು. ನಿಮ್ಮೆಲ್ಲರ ದೊಡ್ಡ ಕ್ಲಬ್‌ಗಳ ನಡುವೆ ನಮ್ಮದನ್ನೂ ಸ್ವಲ್ಪ ಕೇಳಿ, ಈ ಚರ್ಚೆಯ ಎರಡೂ ತುದಿ ನಮ್ಮೂರಲ್ಲೇ ಸಿಗುತ್ತದೆ.

ಈ ವರ್ಷ ನಾವು ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ವಿ. ಬಿದ್ದ ಕೂಡಲೇ ಡೆಲಾಪ್ ಹೋದ. ಲೀಗ್‌ನಲ್ಲಿ 12 ಗೋಲ್ ಹೊಡೆದಿದ್ದ ನಮ್ಮ ಸ್ಟ್ರೈಕರ್. ಕೆಳಗಿಳಿದರೆ ಮೂರು ಕೋಟಿ ಪೌಂಡಿಗೆ ಬಿಡಬೇಕು ಅಂತ ಕರಾರಿನಲ್ಲೇ ಇತ್ತು, ಚೆಲ್ಸಿ ಬಂದು ಎತ್ತಿಕೊಂಡು ಹೋಯಿತು. ಚೌಕಾಸಿ ಇಲ್ಲ, ಡೆಡ್‌ಲೈನ್ ಇಲ್ಲ.

ಅದೇ ಜೂನ್‌ನ 7ಕ್ಕೆ ಪೋರ್ಟ್‌ಮನ್ ರೋಡ್ ಮೈದಾನದಲ್ಲಿ ಪಿಚ್ ಮೇಲೆ ರಿಂಗ್ ಹಾಕಿದರು. ಫಾಬಿಯೊ ವಾರ್ಡ್ಲಿ, ಇದೇ ಊರಿನವನು, ಇದೇ ಕ್ಲಬ್ಬಿನ ಅಭಿಮಾನಿ. ಅಮೆಚೂರ್ ಬಾಕ್ಸಿಂಗ್ ಆಡಿದವನೇ ಅಲ್ಲ, ಆಫೀಸ್ ಕೆಲಸ ಮಾಡುತ್ತಾ ವೈಟ್ ಕಾಲರ್ ಬಾಕ್ಸಿಂಗ್‌ನಿಂದ (ಉದ್ಯೋಗದಲ್ಲಿರುವವರು ಬಿಡುವಿನಲ್ಲಿ ಆಡುವ ಬಾಕ್ಸಿಂಗ್) ಮೇಲೆ ಬಂದವನು. ಎದುರಿಗೆ ಇರಬೇಕಿದ್ದವನು ಜರೆಲ್ ಮಿಲ್ಲರ್. ಅವನಿಗೆ ಗಾಯ ಆಗಿ ಆಸ್ಟ್ರೇಲಿಯಾದ ಜಸ್ಟಿಸ್ ಹ್ಯೂನಿ ಬಂದ. ನಾನು ಸರ್ ಬಾಬಿ ರಾಬ್ಸನ್ ಸ್ಟ್ಯಾಂಡಿನಲ್ಲಿದ್ದೆ. ಒಂಬತ್ತು ರೌಂಡ್ ಹ್ಯೂನಿ ನಮ್ಮವನನ್ನು ಆಡಿಸಿದ. ಜಾಬ್ ಹಾಕುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ, ವಾರ್ಡ್ಲಿ ಗಾಳಿಗೆ ಬೀಸುತ್ತಾನೆ. ನನ್ನ ಪಕ್ಕದವರು ಆಗಲೇ ಜಾಕೆಟ್ ಹಾಕಿಕೊಂಡು ಕಾರ್ ಪಾರ್ಕಿಂಗ್ ಮಾತಾಡುತ್ತಿದ್ದರು. ಹತ್ತನೇ ರೌಂಡಿನಲ್ಲಿ ಒಂದು ಬಲಗೈ. ಒಂದೇ. ಹ್ಯೂನಿ ಬಿದ್ದ, ರೆಫರಿ ಕೈ ಬೀಸಿದ. ಇಡೀ ವರ್ಷ ಆ ಮೈದಾನದಲ್ಲಿ ಅಂಥ ಕೂಗು ನಾನು ಕೇಳಿರಲಿಲ್ಲ.

ಅಕ್ಟೋಬರ್ 25ಕ್ಕೆ ಅವನೇ ಪಾರ್ಕರ್‌ನ ಹನ್ನೊಂದನೇ ರೌಂಡಿಗೆ ನಿಲ್ಲಿಸಿದ. ಪಾರ್ಕರ್ ಸುಮ್ನೆ ಕೂತಿದ್ದರೂ ಉಸಿಕ್ ಜೊತೆ ಫೈಟ್ ಸಿಗುತ್ತಿತ್ತು, ಅವನೇ ಮ್ಯಾಂಡೇಟರಿ. ಕೂರಲಿಲ್ಲ, ಆಡಿದ, ಕಳೆದುಕೊಂಡ. ಈಗ ಉಸಿಕ್ ಬಿಟ್ಟ ಡಬ್ಲ್ಯೂಬಿಒ ಬೆಲ್ಟ್ ವಾರ್ಡ್ಲಿ ಸೊಂಟದಲ್ಲಿದೆ. ಎಡಗೈ ಸರ್, ಇವನನ್ನೂ ಕಾಗದದ ಚಾಂಪಿಯನ್ ಅಂತೀರಾ? ಬೆಲ್ಟ್ ಇಮೇಲ್‌ನಲ್ಲಿ ಬಂದಿರಬಹುದು. ಆದರೆ ಪೋರ್ಟ್‌ಮನ್ ರೋಡ್‌ನಲ್ಲಿ ನಾನು ನೋಡಿದ್ದು ಕಾಗದ ಅಲ್ಲ.

ಎಡಗೈ_ಜಾಬ್

ಸೀನ ಅವರೇ, ವಾರ್ಡ್ಲಿ ಮೇಲೆ ನನಗೆ ದೂರಿಲ್ಲ, ಅವನು ಬಂದವರ ಜೊತೆಯೆಲ್ಲ ಆಡಿದ್ದಾನೆ. ಬೆಲ್ಟ್ ಬಂದ ದಾರಿ ಬಗ್ಗೆ ಹೇಳಿದ್ದು ನಾನು. ಉಸಿಕ್ ಎದುರು ನಿಂತು ಗೆದ್ದಿದ್ದರೆ ಅವನಿಗೂ ಅದು ಜಾಸ್ತಿ ಸಿಹಿ.

ರಿಂಗ್_ಕೋಲಾರ

ಪ್ರಶ್ನೆ ಕೇಳಿದವರು ಅರ್ಧ ಸರಿ ಅನ್ನಿಸುತ್ತದೆ. ತಾರೀಖು ಒಂದೇ ಸಾಲದು, ಡ್ರಾ ಬೇಕು. ಯಾರ ಎದುರು ಯಾರು ಅಂತ ಮೊದಲೇ ಬರೆದಿಟ್ಟುಬಿಡಬೇಕು. ಕ್ರೂಸರ್‌ವೇಟ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. 2017–18ರ ವರ್ಲ್ಡ್ ಬಾಕ್ಸಿಂಗ್ ಸೂಪರ್ ಸೀರೀಸ್, ನಾಕೌಟ್ ಪಂದ್ಯಾವಳಿ. ಉಸಿಕ್ ಬರ್ಲಿನ್‌ನಲ್ಲಿ ಹುಕ್‌ನ ಹೊಡೆದ, ರೀಗಾದಲ್ಲಿ ಬ್ರೀಡಿಸ್‌ನ ಅವನ ಊರಲ್ಲೇ, ಫೈನಲ್‌ನಲ್ಲಿ ಮಾಸ್ಕೋದಲ್ಲಿ ಗಾಸಿಯೆವ್‌ನ. ಒಂದು ವರ್ಷದೊಳಗೆ ನಾಲ್ಕೂ ಬೆಲ್ಟ್. ಹೆವಿವೇಟ್‌ನಲ್ಲಿ ಅಷ್ಟಕ್ಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು.

ಒಲಿಂಪಿಕ್ಸ್ ನೋಡಿ. ಟೋಕಿಯೊದಲ್ಲಿ ನಮ್ಮ ಸತೀಶ್ ಕುಮಾರ್, ಸೂಪರ್ ಹೆವಿವೇಟ್. ಮುಖದ ತುಂಬಾ ಹೊಲಿಗೆ ಹಾಕಿಸಿಕೊಂಡು ಕ್ವಾರ್ಟರ್ ಫೈನಲ್‌ಗೆ ಬಂದ. ಎದುರಿಗೆ ಜಲೊಲೊವ್, ಆಮೇಲೆ ಚಿನ್ನ ಗೆದ್ದವನು. 5–0ಗೆ ಸೋತ. ಅಲ್ಲಿ ಮರುಫೈಟ್ ಕರಾರು ಇಲ್ಲ, ಪರ್ಸ್ ಇಲ್ಲ, ಮುಂದಿನ ತಿಂಗಳು ನೋಡೋಣ ಅನ್ನೋ ಹಾಗೂ ಇಲ್ಲ. ಹೆಸರು ಬಂತು, ಇಳಿದ.

ಗನ್ನರ್_ಬಸವನಗುಡಿ

ಡ್ರಾ ಅನ್ನೋದು ಒಪ್ಪುವಂಥ ಮಾತು. ಆದರೆ ಪ್ರಮೋಟರ್‌ಗಳು ಬಿಡುತ್ತಾರಾ? ಹರ್ನ್ ಮತ್ತು ವಾರೆನ್ ಒಂದೇ ಮೇಜಿಗೆ ಕೂರಬೇಕಾದರೆ ಸೌದಿಯ ದುಡ್ಡು ಬರಬೇಕಾಯಿತು. ಆ ದುಡ್ಡು ಇಲ್ಲದಿದ್ದರೆ ಉಸಿಕ್–ಫ್ಯೂರಿಯೂ ಇವತ್ತಿಗೆ ಬರೀ ಪೋಸ್ಟರ್ ಆಗಿರುತ್ತಿತ್ತು ಅಂತ ನನ್ನ ಅನುಮಾನ. ಅದಕ್ಕೆ ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ ಇನ್ನೂ ತೀರ್ಮಾನ ಆಗಿಲ್ಲ. ಫೈಟ್ ಬೆಳಗಿನ ಜಾವ ಮೂರೂವರೆಗೆ ಇಟ್ಟಿದ್ದಕ್ಕಂತೂ ಬೈಯುತ್ತೇನೆ.

ಒಂದು ವಿಷಯದಲ್ಲಿ ಫುಟ್‌ಬಾಲ್‌ನವರನ್ನು ಮೆಚ್ಚಲೇಬೇಕು. ವಯಸ್ಸು ನೋಡಿ ಹೆದರಲ್ಲ. ವಿನಿಸಿಯಸ್‌ಗೆ ಹದಿನಾರು ಇದ್ದಾಗಲೇ ಮ್ಯಾಡ್ರಿಡ್ 4.5 ಕೋಟಿ ಯೂರೊಗೆ ಮಾತು ಮುಗಿಸಿತ್ತು. ಬಾಕ್ಸಿಂಗ್‌ನಲ್ಲಿ ಇಟೌಮಾ ಇದ್ದಾನೆ, ಇನ್ನೂ ಇಪ್ಪತ್ತು. ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ಡಿಲಿಯನ್ ವೈಟ್‌ನ ಎರಡು ನಿಮಿಷದೊಳಗೆ ಮುಗಿಸಿದ, ನಾನು ಕಾಫಿ ಲೋಟ ಎತ್ತುವಷ್ಟರಲ್ಲಿ ಆಗಿಹೋಗಿತ್ತು. ನನ್ನ ಕೈಯಲ್ಲಿ ಪೆನ್ ಇದ್ದರೆ ವಾರ್ಡ್ಲಿ–ಇಟೌಮಾಗೆ ನಾಳೆಯೇ ಸಹಿ ಹಾಕಿಸುತ್ತಿದ್ದೆ, ಫ್ಯೂರಿ–ಜೋಶುವಾ ಕಡತ ಮುಚ್ಚಿ ಬೀರುವಿಗೆ ಸೇರಿಸುತ್ತಿದ್ದೆ.

ಸಫೋಕ್_ಸೀನ

ಸಹಿ ಹಾಕಿಸಿ, ಆದರೆ ಪೋರ್ಟ್‌ಮನ್ ರೋಡ್‌ನಲ್ಲೇ ಇಡಬೇಕು. ಟಿಕೆಟ್ ನಾನು ನೋಡಿಕೊಳ್ಳುತ್ತೇನೆ.

ಸ್ಪರ್ಸ್_ಶಿವಮೊಗ್ಗ

ನಮ್ಮ ಸ್ಟೇಡಿಯಂ ಖಾಲಿ ಇದೆ, ಅಲ್ಲೇ ಮಾಡಿ. ಗೆಲ್ಲುವವರು ಯಾರಾದರೂ ಅಲ್ಲಿ ಆಡಿದ ಹಾಗಾಗುತ್ತದೆ.