ಆಮ್ಲಜನಕ ಕಮ್ಮಿಯಾದರೆ ಹೃದಯ ಯಾಕೆ ದಪ್ಪವಾಗುತ್ತದೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 64 ವರ್ಷ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಅಡುಗೆ ಒಲೆ, ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ ಅಂತ ಹೊಗೆಯಲ್ಲೇ ಬದುಕಿದವರು. ಈಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಭಾಗ ದಪ್ಪವಾಗಿದೆ ಅಂದರು. ರಕ್ತದಲ್ಲಿ ಬಿಎನ್‌ಪಿ ಜಾಸ್ತಿಯಂತೆ. ಶ್ವಾಸಕೋಶದ ಕಾಯಿಲೆ ಹೃದಯಕ್ಕೇಕೆ ಬಂತು? ಘಟ್ಟದ ಮೇಲಿರುವುದು ಕಾರಣವಾ? ಬಿಎನ್‌ಪಿ ಇಳಿಸಲು ಮಾತ್ರೆ ಇದೆಯಾ?

ಉತ್ತರ: ಪಾಪ, ಘಟ್ಟವನ್ನು ಬೈಯಬೇಡಿ. ಎತ್ತರದಿಂದ ಹೀಗಾಗುವುದು ಸಾಮಾನ್ಯವಾಗಿ 2,500 ಮೀಟರ್ ಮೇಲೆ ವರ್ಷಗಟ್ಟಲೆ ಇರುವವರಿಗೆ. ಕೊಡಚಾದ್ರಿಯ ತುದಿಯೇ 1,343 ಮೀಟರ್. ನನ್ನ ಅನುಮಾನ ಒಲೆಯ ಹೊಗೆಯ ಮೇಲೆ. ಅದರಿಂದ ಶ್ವಾಸಕೋಶ ಕೆಟ್ಟರೆ ಆಮ್ಲಜನಕ ಕಮ್ಮಿಯಾಗುತ್ತದೆ.

ಶ್ವಾಸಕೋಶದಲ್ಲಿ ಆಮ್ಲಜನಕ ಕಮ್ಮಿಯಾದ ಜಾಗದ ರಕ್ತನಾಳ ತಾನಾಗೇ ಬಿಗಿಯುತ್ತದೆ, ಗಾಳಿ ಇರುವ ಕಡೆ ರಕ್ತ ಹೋಗಲಿ ಅಂತ. ಒಂದು ಮೂಲೆಯಲ್ಲಾದರೆ ಒಳ್ಳೆಯದೇ. ಎಲ್ಲಾ ಕಡೆ ಬಿಗಿದರೆ ಒತ್ತಡ ಏರುತ್ತದೆ, ನಾಳದ ಗೋಡೆಯೂ ದಪ್ಪವಾಗುತ್ತದೆ. ಆ ಒತ್ತಡದ ಎದುರು ರಕ್ತ ತಳ್ಳಬೇಕಾದ್ದು ಹೃದಯದ ಬಲ ಕೋಣೆ. ಅದರ ಗೋಡೆ ಮೊದಲೇ ತೆಳು. ದೊಡ್ಡವರಲ್ಲಿ ಹೃದಯದ ಸ್ನಾಯುಕೋಶಗಳ ಸಂಖ್ಯೆ ಬೆಳೆಯುವುದು ತೀರಾ ಕಡಿಮೆ, ಹಾಗಾಗಿ ಇದ್ದವೇ ದಪ್ಪವಾಗುತ್ತವೆ. ಇದು ಗರಡಿ ಮೈಯಲ್ಲ. ಹೊರೆ ಇಳಿಯದಿದ್ದರೆ ಸ್ನಾಯು ಸೋಲುತ್ತದೆ, ಕಾಲು ಊದುತ್ತದೆ.

ಇನ್ನು ಬಿಎನ್‌ಪಿ. ಇದು ಹೃದಯವೇ ತಯಾರಿಸುವ ಹಾರ್ಮೋನು. 1981ರಲ್ಲಿ ಕೆನಡಾದ ಡಿ ಬೋಲ್ಡ್ ತಂಡ ಇಲಿಯ ಹೃದಯದ ಮೇಲಿನ ಕೋಣೆಗಳ ಸಾರ ತೆಗೆದು ಬೇರೆ ಇಲಿಗಳಿಗೆ ಚುಚ್ಚಿತು. ಅವುಗಳ ಮೂತ್ರದಲ್ಲಿ ಉಪ್ಪು, ನೀರು ಧಾರಾಳವಾಗಿ ಹೋಯಿತು. ಆ ಸಾರದಲ್ಲಿದ್ದ, ಹೀಗೆ ಮಾಡಿಸಿದ ಹಾರ್ಮೋನೇ ಎಎನ್‌ಪಿ. ಬಿಎನ್‌ಪಿ ಅದೇ ಬಳಗದ್ದು. ಗೋಡೆ ಹಿಗ್ಗಿದರೆ ಎರಡೂ ಜಾಸ್ತಿ ಬರುತ್ತವೆ, ರಕ್ತನಾಳ ಸಡಿಲಿಸುತ್ತವೆ. ಎಎನ್‌ಪಿ ತಯಾರಿಸಲಾಗದ ಇಲಿಗಳನ್ನು ಕಮ್ಮಿ ಆಮ್ಲಜನಕದಲ್ಲಿ ಇಟ್ಟಾಗ ಬಲಭಾಗ ಇನ್ನೂ ದಪ್ಪವಾಯಿತು. ಅಂದಮೇಲೆ ಈ ಹಾರ್ಮೋನು ಕಾಪಾಡಲು ಬಂದದ್ದು, ಅಲ್ವಾ? ಅದನ್ನು ಇಳಿಸಲೆಂದೇ ಮಾತ್ರೆ ಬೇಡ. ಹೊರೆ ಇಳಿದರೆ ಅದೂ ಇಳಿಯುತ್ತದೆ.

ಮತ್ತೆ ಪ್ರಶ್ನೆ: ಡಾಕ್ಟರ್ ಹೇಳಿದರು ಅಂತ ಆಕ್ಸಿಜನ್ ಯಂತ್ರ ಬಾಡಿಗೆಗೆ ತಂದಿದ್ದೇವೆ. ಸುಸ್ತಾದಾಗ ಅರ್ಧ ಗಂಟೆ ಸಾಲದಾ? ಅಭ್ಯಾಸವಾಗಿಬಿಡುತ್ತದೆ ಅಂತ ಅಮ್ಮನಿಗೆ ಹೆದರಿಕೆ.

ಉತ್ತರ: ಅಭ್ಯಾಸ ಗಿಭ್ಯಾಸ ಏನೂ ಆಗುವುದಿಲ್ಲ. ಸುಮ್ನೆ ಕೂತಾಗಲೂ ರಕ್ತದ ಆಮ್ಲಜನಕ (ಬೆರಳಿಗೆ ಹಾಕುವ ಯಂತ್ರ ತೋರಿಸುವುದು) ಶೇ. 88 ಅಥವಾ ಅದಕ್ಕಿಂತ ಕೆಳಗಿದ್ದರೆ ದಿನಕ್ಕೆ ಕನಿಷ್ಠ 15 ಗಂಟೆ ಬೇಕು, ರಾತ್ರಿ ನಿದ್ದೆಯೂ ಸೇರಿ. ನಿಮ್ಮ ಡಾಕ್ಟರ್ ಬರೆದಷ್ಟೇ ಲೀಟರ್ ಇಡಿ. ಜಾಸ್ತಿ ಮಾಡಿದರೆ ಸಿಒಪಿಡಿಯವರಿಗೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಯಂತ್ರ ಹಾಕಿಕೊಂಡು ಒಲೆ ಹತ್ತಿರ ಖಂಡಿತ ಹೋಗಬಾರದು, ಬೆಂಕಿ ಹತ್ತೀತು. ಈ ಸಲದ ಕೊಯ್ಲಿಗೆ ಅಡಿಕೆ ಬೇಯಿಸಲು ಬೇರೆಯವರು ಕೂರಲಿ.