ಮೂರು ಪಾಲಿನ ಮಸಾಲೆ ದೋಸೆ

ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ನಾಲ್ವರು ಸೇರುವುದು ತಿಂಡಿಗಾಗಿ ಎಂದು ಮನೆಯವರು ನಂಬಿದ್ದಾರೆ. ಕಳೆದ ವಾರ, ಪಾಲಿಕೆಯ ಕಚೇರಿಯಲ್ಲಿ ಕಡತ ಕಟ್ಟುತ್ತಲೇ ನಿವೃತ್ತರಾದ ರಾಯರು, ಪಾಲಿಕೆ ಹೆಚ್ಚುವರಿಯೆಂದು ಕರೆದ ಖಾಲಿ ಜಾಗವೊಂದರ ಹರಾಜಿನ ಸುದ್ದಿಯಿದ್ದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತಂದು ನೀರಿನ ಲೋಟದ ಅಡಿಗಿಟ್ಟರು.

“ಒಂದು ಜಾಗ ಹೆಚ್ಚುವರಿ ಎಂದು ಕಂಡುಹಿಡಿಯುವುದು ಹೇಗೆ ರಾಯರೇ?” ಎಂದು ಮೇಷ್ಟ್ರು ಕೇಳಿದರು. ಅವರು ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ರಾತ್ರಿ ಶಾಲೆಯಲ್ಲಿ ಕನ್ನಡ ಕಲಿಸಿದವರು.

“ಕಂಡುಹಿಡಿಯುವುದಲ್ಲ ಮೇಷ್ಟ್ರೇ, ಬರೆಯುವುದು. ಮಕ್ಕಳಿಗೆ ಆಟದ ಬಯಲು ಬೇಕೆಂದು ನೀವು ಅರ್ಜಿ ಕೊಟ್ಟರೆ ಅದೇ ಜಾಗ ಬೇರೊಂದು ಉದ್ದೇಶಕ್ಕೆ ಮೀಸಲಾಗಿರುತ್ತದೆ. ಬೊಕ್ಕಸ ಬರಿದಾದರೆ ಮಾತ್ರ ಹೆಚ್ಚುವರಿಯಾಗುತ್ತದೆ.”

ಆಮೇಲೆ ಅವರು ಕ್ರಮವನ್ನು ವಿವರಿಸಿದರು. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 92ನೆಯ ಕಲಮಿನ ಪ್ರಕಾರ ಆಯುಕ್ತರು ಪಾಲಿಕೆಯ ಸ್ಥಿರಾಸ್ತಿಯನ್ನು ಮಾರಬೇಕಾದರೂ ದೀರ್ಘಾವಧಿಯ ಲೀಸಿಗೆ ಕೊಡಬೇಕಾದರೂ ಪಾಲಿಕೆಯ ಮಂಜೂರಾತಿ ಬೇಕು. ಜಾಗದ ಪ್ರಸ್ತಾವಗಳು ಮೊದಲು ಸುಧಾರ ಸಮಿತಿಯ ಮುಂದೆ ಹೋಗಿ, ಅಲ್ಲಿ ನಗರಸೇವಕರು, ಅಂದರೆ ಪಾಲಿಕೆಗೆ ಆರಿಸಿಬಂದ ಸದಸ್ಯರು, ಕೂಗಾಡಿ, ಅನಂತರ ಸಭಾಗೃಹಕ್ಕೆ ಬಂದು ಇನ್ನೊಮ್ಮೆ ಕೂಗಾಟಕ್ಕೆ ಒಳಗಾಗಬೇಕು. 2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿದು, ಚುನಾವಣೆ ನಡೆಯದೆ, ಆಯುಕ್ತರೇ ಆಡಳಿತಾಧಿಕಾರಿಯೂ ಆದರು. ಅಲ್ಲಿಂದ ವರ್ಷಗಟ್ಟಲೆ ಆಯುಕ್ತರು ವಿನಯದಿಂದ ಮಂಜೂರಾತಿ ಕೇಳಿದರು, ಆಡಳಿತಾಧಿಕಾರಿಗಳು ಉದಾರವಾಗಿ ಕೊಟ್ಟರು. ನಡುವೆ ಕುರ್ಚಿಯನ್ನೂ ಸರಿಸಬೇಕಾಗಿರಲಿಲ್ಲ.

“ನನ್ನ ಹೋಟೆಲಿನಲ್ಲಿಯೂ ಹಾಗೆಯೇ ನಡೆಯುತ್ತಿತ್ತು,” ಎಂದರು ಶೆಟ್ಟರು. “ಸಾಂಬಾರು ಸರಿಯಿಲ್ಲವೆಂಬ ದೂರನ್ನು ಗಲ್ಲಾದ ಮೇಲೆ ಕೂತಿದ್ದ ನಾನೇ ಕೇಳಿ, ಅಡುಗೆಮನೆಗೆ ಹೋಗಿ ನಾನೇ ವಜಾ ಮಾಡುತ್ತಿದ್ದೆ.” ಮುಂಬಯಿಯ ಲಾಲ್‌ಬಾಗಿನಲ್ಲಿದ್ದ ಆ ಹೋಟೆಲು ಮೂರು ಪಾಳಿಯ ಗಿರಣಿಗಳನ್ನು ನಂಬಿತ್ತು, 1982ರ ಮುಷ್ಕರದ ಮೇಲೆ ಎರಡೂ ಚೇತರಿಸಿಕೊಳ್ಳಲಿಲ್ಲ.

ಗಿರಣಿಯ ಹೆಸರೆತ್ತಿದ್ದೇ ತಡ, ಮೇಷ್ಟ್ರು ಕೆರಳಿದರು. “ಆ ನೆಲದಲ್ಲಿ ಊರಿಗೆ ಒಂದು ಪಾಲು, ಮನೆಯಿಲ್ಲದವರಿಗೆ ಒಂದು ಪಾಲು ಎಂದು ಬರೆದಿತ್ತಲ್ಲ! ಅದು ಎಲ್ಲಿ ಹೋಯಿತು?”

ಅಷ್ಟರಲ್ಲಿ ಶೆಟ್ಟರ ಮಸಾಲೆ ದೋಸೆ ಬಂತು. ರಾಯರು ತಟ್ಟೆಯನ್ನು ಮೇಜಿನ ನಡುವಿಗೆ ಎಳೆದುಕೊಂಡರು. “ಇದು ಗಿರಣಿ. ಶೆಟ್ಟರು ಮಾಲೀಕರು, ನಾನು ಪಾಲಿಕೆ, ಮೇಷ್ಟ್ರು ಮ್ಹಾಡಾ, ಅಂದರೆ ಮನೆ ಕಟ್ಟಿಕೊಡುವ ಸರ್ಕಾರಿ ಸಂಸ್ಥೆ.” ನನಗೆ ಸಾರ್ವಜನಿಕರ ಪಾತ್ರ ಬಂತು, ಅಂದರೆ ನೋಡುತ್ತ ಕೂರುವುದು. “1991ರ ನಗರಾಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯದರಂತೆ ಗಿರಣಿಯ ಜಮೀನು ಹೊಸ ಕಟ್ಟಡಗಳಿಗೆ ತೆರೆದುಕೊಂಡಾಗ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಬಯಲಿಗೆಂದು ನನಗೆ, ಮೂರರಲ್ಲೊಂದು ಮನೆಗಳಿಗೆಂದು ಮೇಷ್ಟ್ರಿಗೆ, ಉಳಿದದ್ದು ಮಾಲೀಕರಿಗೆ.” ಚಮಚದ ಹಿಡಿಯಿಂದ ಅವರು ದೋಸೆಯ ಮೇಲೆ ಎರಡು ಗೆರೆ ಎಳೆದರು, ಗರಿಗರಿಯಾದ ಅಂಚು ಮುರಿದು ಒಳಗಿನ ಪಲ್ಯದಿಂದ ಹಬೆ ಎದ್ದಿತು. ಶೆಟ್ಟರ ಮುಖ ಬಾಡಿತು.

“ಮಾಲೀಕರೇ, ಹೆದರಬೇಡಿ, 2001ರ ತಿದ್ದುಪಡಿ ಇದೆ. ಹಂಚಬೇಕಾದದ್ದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಕಟ್ಟಡ ಅಂದರೆ ದೋಸೆ. ಖಾಲಿ ನೆಲ ಅಂದರೆ ಇಗೋ, ತಟ್ಟೆಯ ಈ ಅಂಚು ಮತ್ತು ಚಟ್ನಿ ಹರಿದಿರುವ ಜಾಗ.”

“ಗಿರಣಿಯೆಂದರೆ ಗೋಡೆಯಿಂದ ಗೋಡೆಗೆ ಕಟ್ಟಡವೇ ಅಲ್ಲವೇ!” ಎಂದು ಮೇಷ್ಟ್ರು ಕೂಗಿದರು. “ಖಾಸಗಿಯವರದು ಹಾಗಿರಲಿ. ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳು ನಮ್ಮವೇ, ಸರ್ಕಾರದವೇ ಆಗಿದ್ದವಲ್ಲ?”

ಅವೂ 2005ರಲ್ಲಿ ಹರಾಜಾದವು. ಜುಪಿಟರ್ ಮಿಲ್ಲಿಗೆ 276 ಕೋಟಿ, ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿಗೆ 702 ಕೋಟಿ ರೂಪಾಯಿ ಬಂತು. ಆ ಅಂಕಿ ಕೇಳಿದಾಗ ನನಗೂ ಒಂದು ಗಳಿಗೆ ನೆಲಕ್ಕಿಂತ ಹಣವೇ ಚೆನ್ನಾಗಿ ಕಂಡಿತೆಂದು ಒಪ್ಪಿಕೊಳ್ಳಬೇಕು. ಆದರೆ ಗಿರಣಿ ನಿಗಮದ್ದು, ಹಣವೂ ನಿಗಮಕ್ಕೆ. ಉಸಿರಾಡಲು ಜಾಗವಿಲ್ಲದ, ಗಿರಣಿಗಳ ಬಡಾವಣೆ ಪರೇಲಿಗೆ ಕೋಟಿ ಬಂದರೂ ಬಯಲು ಬರುವುದಿಲ್ಲ. ನೆಲವನ್ನು ಒಮ್ಮೆ ಮಾರಿದರೆ ಆಯಿತು. ಬೊಕ್ಕಸ ಮತ್ತೆ ಬರಿದಾಗುತ್ತದೆ.

ಇಷ್ಟೆಲ್ಲ ವಾದ ನಡೆಯುವಾಗ ಶೆಟ್ಟರು ಮಾತೇ ಆಡಿರಲಿಲ್ಲ. ನೋಡಿದರೆ ದೋಸೆ ಮಾಯವಾಗಿತ್ತು.

ಮೇಷ್ಟ್ರು ಗೆದ್ದವರಂತೆ ಎದ್ದು ನಿಂತರು. “ಈಗ ಇಡೀ ತಟ್ಟೆ ಖಾಲಿ ನೆಲ! ನಿಮ್ಮ ತಿದ್ದುಪಡಿಯ ಪ್ರಕಾರವೇ ಪೂರ್ತಿ ಹಂಚಿರಿ. 2005ರಲ್ಲಿ ಹೈಕೋರ್ಟು ಇದನ್ನೇ ಹೇಳಿತ್ತು.”

“ಹೇಳಿತ್ತು,” ಎಂದು ರಾಯರು ಕನ್ನಡಕ ಒರೆಸಿಕೊಂಡರು. “ಆದರೆ 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕೆಡವಿದ ಮೇಲೆ ಖಾಲಿಯಾದ ನೆಲ ಲೆಕ್ಕಕ್ಕಿಲ್ಲ.” ಹಾಗೆಂದು ತಟ್ಟೆಯನ್ನು ನಿಧಾನವಾಗಿ ತಿರುಗಿಸಿ, ಚಟ್ನಿ ಒಣಗುತ್ತಿದ್ದ ಅಂಚನ್ನು ಮೇಷ್ಟ್ರ ಕಡೆಗೆ ಮಾಡಿದರು.